ಹಿಗ್ಗುವ ದಾರ ಕಟ್ಟಿಕೊಂಡು ರೋಬೋ ಓಡಿಸಿದ್ದು

ಕ್ರಿಕೆಟ್ ಮ್ಯಾಚಿನಲ್ಲಿ ಮೈದಾನದ ಮೇಲೆ ಓಡಾಡುವ ಸ್ಪೈಡರ್‌ಕ್ಯಾಮ್ ನೋಡಿರುತ್ತೀರಿ ಅಲ್ವಾ? ಅದೂ ಕೇಬಲ್ ರೋಬೋನೇ, ಅಂದರೆ ಮೋಟಾರುಗಳು ಕೇಬಲ್ ಎಳೆದು ಬಿಟ್ಟು ಓಡಾಡಿಸುವ ಯಂತ್ರ. ಚೀನಾದ ‘ಫಾಸ್ಟ್’ ಅನ್ನುವ ರೇಡಿಯೋ ಟೆಲಿಸ್ಕೋಪಿನಲ್ಲಿ ಸುಮಾರು 30 ಟನ್ ತೂಕದ ಕ್ಯಾಬಿನ್ ಅನ್ನು ಆರು ಕೇಬಲ್‌ಗಳು ಅತ್ತಿತ್ತ ಸರಿಸುತ್ತವೆ. ನಾನು ಕಟ್ಟಿದ್ದು ಇವುಗಳ ಮರಿ. ಗೋಡೆಗೆ ನಿಲ್ಲಿಸಿದ 2 ಮೀಟರ್ ಅಗಲ, 1.5 ಮೀಟರ್ ಎತ್ತರದ ಚೌಕಟ್ಟು. ನಾಲ್ಕು ಮೂಲೆಗೆ ನಾಲ್ಕು ಮೋಟಾರು, 1 ಮಿ.ಮೀ. ದಪ್ಪದ ಡೈನೀಮಾ (ತುಂಬಾ ಗಟ್ಟಿಯಾದ ಪ್ಲಾಸ್ಟಿಕ್ ಎಳೆ) ದಾರ, ನಡುವೆ ಪೆನ್ನು ಹಿಡಿದ ಒಂದು ಕಿಲೋ ತೂಕದ ತಲೆ. ನಾಲ್ಕೂ ದಾರ ಒಂದೇ ರಿಂಗಿಗೆ ಕಟ್ಟಿದೆ, ತಲೆ ತಿರುಗುವ ಲೆಕ್ಕ ಬೇಡ ಅಂತ.

ದಾರ ಹಿಗ್ಗುವುದೇ ಇಲ್ಲ ಅಂದುಕೊಂಡರೆ ಲೆಕ್ಕ ಸುಲಭ. ಮೂಲೆಯಿಂದ ತಲೆಗೆ ಎಷ್ಟು ದೂರವೋ ಅಷ್ಟು ದಾರ ಬಿಡುವುದು. ಆದರೆ ಮೋಟಾರು ಎಷ್ಟು ತಿರುಗಿತು ಅಂತ ಎಣಿಸುವ ಎನ್‌ಕೋಡರ್‌ಗೆ ಗೊತ್ತಿರುವುದು ಎಷ್ಟು ದಾರ ಬಿಟ್ಟಿದ್ದೇವೆ ಅನ್ನುವುದಷ್ಟೇ. ಆಚೆ ಅದು ಎಷ್ಟು ಹಿಗ್ಗಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಹಾಗಾಗಿ ಕೋಡ್‌ಗೆ ಮೊದಲು ದಾರವನ್ನೇ ಅಳೆದೆ. 2 ಮೀಟರ್ ದಾರ ನೇತುಹಾಕಿ 5 ಕಿಲೋ ತೂಕದ ಕಲ್ಲು ಕಟ್ಟಿದೆ. ಹೊಸ ದಾರ ಮೊದಲ ಸಲ ಜಾಸ್ತಿಯೇ ಇಳಿಯುತ್ತದೆ, ತೂಕ ತೆಗೆದರೂ ಪೂರ್ತಿ ವಾಪಸ್ ಬರುವುದಿಲ್ಲ. ಹೆಣೆದ ಎಳೆಗಳು ಒಂದಕ್ಕೊಂದು ಒತ್ತಿ ಕೂರುತ್ತಿರುತ್ತವೆ. ರಾತ್ರಿಯಿಡೀ ತೂಕ ಹೊರಿಸಿಟ್ಟು, ಆಮೇಲೆ ಹಾಕಿ ತೆಗೆದು ಮಾಡಿದ ಮೇಲೆ ಅಳತೆ ಒಂದು ಕಡೆ ನಿಂತಿತು: ಸುಮಾರು 6.5 ಮಿ.ಮೀ. ಅಂದರೆ ದಾರದ ಇಎ (ಎಳೆತವನ್ನು ಹಿಗ್ಗಿದ ಪಾಲಿನಿಂದ ಭಾಗಿಸಿದ ಅಂಕಿ) ಸುಮಾರು 15,000 ನ್ಯೂಟನ್. ದಾರವನ್ನು ಸ್ಪ್ರಿಂಗ್ ಅಂದುಕೊಂಡು ಇದನ್ನು ಅದರ ಉದ್ದದಿಂದ ಭಾಗಿಸಿದರೆ ಅದರ ಬಿಗಿ ಸಿಗುತ್ತದೆ, ದಾರ ಉದ್ದವಾದಷ್ಟೂ ಮೆತ್ತಗೆ. ಆಳದ ಬಾವಿಯಿಂದ ನೈಲಾನ್ ಹಗ್ಗದಲ್ಲಿ ನೀರು ಸೇದಿದವರಿಗೆ ಇದು ಗೊತ್ತು. ಕೊಡ ಕೆಳಗಿದ್ದಾಗ ಹಗ್ಗ ಮೆತ್ತಗೆ ಜಗ್ಗುತ್ತದೆ, ಮೇಲೆ ಬಂದ ಹಾಗೆ ಗಡುಸಾಗುತ್ತದೆ.

ಮಾಡೆಲ್‌ಗೆ ಸೇರಿಸಿದ್ದು ಒಂದೇ ಸಾಲು. ಬಿಡಬೇಕಾದ ದಾರ = ದೂರ ÷ (1 + ಎಳೆತ ÷ ಇಎ). ತಲೆ ನಡುವಿದ್ದಾಗ ದೂರ 1.25 ಮೀಟರ್. ಎಳೆತ 30 ನ್ಯೂಟನ್ ಇದ್ದರೆ 2.5 ಮಿ.ಮೀ. ಕಡಿಮೆ ಬಿಡಬೇಕು. ಪೆನ್ನಿನ ಗೆರೆಗೆ ಅದೇನು ಸಣ್ಣ ವ್ಯತ್ಯಾಸವಲ್ಲ.

ಎಳೆತ ಎಷ್ಟಿರಬೇಕು ಅನ್ನುವುದೇ ನಿಜವಾದ ತಲೆನೋವು. ದಾರ ಎಳೆಯುತ್ತದೆ, ತಳ್ಳುವುದಿಲ್ಲ. ಎರಡು ದಿಕ್ಕಿನ ಚಲನೆಗೆ ನಾಲ್ಕು ದಾರ ಇರುವುದರಿಂದ ಸರಿಯಾದ ಉತ್ತರಗಳು ಲೆಕ್ಕವಿಲ್ಲದಷ್ಟು. ಕೇಬಲ್ ರೋಬೋ ಸಂಶೋಧಕ, ಜರ್ಮನಿಯ ಆಂಡ್ರಿಯಾಸ್ ಪಾಟ್ ಮತ್ತು ಜೊತೆಗಾರರ ಸೂತ್ರ ಹಿಡಿದೆ: ಎಳೆತದ ಕೆಳಗಿನ, ಮೇಲಿನ ಮಿತಿಗಳ ನಡು ಬೆಲೆ ಒಂದನ್ನು ಇಟ್ಟುಕೊಂಡು, ಅದಕ್ಕೆ ಆದಷ್ಟು ಹತ್ತಿರದ ಉತ್ತರ ಆರಿಸುವುದು. ನನ್ನ ನಡು ಬೆಲೆ 30, ಕೆಳಗಿನ ಮಿತಿ 10 ನ್ಯೂಟನ್.

ಇಲ್ಲಿ ಒಂದು ಮಾತು. ನಾಲ್ಕೂ ಮೋಟಾರನ್ನು ಉದ್ದದ ಲೆಕ್ಕದಲ್ಲೇ ಓಡಿಸಬೇಡಿ. ಒಂದು ದಾರದಲ್ಲಿ 1 ಮಿ.ಮೀ. ತಪ್ಪಿದರೆ, ತಲೆ ನಡುವೆ ಅಲ್ಲಾಡದೆ ನಿಂತಿದ್ದಾಗ, ಆ ದಾರದಲ್ಲಿ 12 ನ್ಯೂಟನ್ ವ್ಯತ್ಯಾಸ. ದಾರಗಳು ಒಂದರೊಡನೊಂದು ಸುಮ್ನೆ ಹಗ್ಗಜಗ್ಗಾಟ ಆಡುತ್ತವೆ. ಮೇಲಿನ ಎರಡಕ್ಕೆ ಉದ್ದ, ಕೆಳಗಿನ ಎರಡಕ್ಕೆ ಎಳೆತ ಅಂತ ಹಂಚಿದ ಮೇಲೆ ಮೋಟಾರುಗಳ ಗುಂಯ್‌ಗುಡುವಿಕೆ ನಿಂತಿತು. ಎಳೆತ ಅಳೆಯಲು ಕೆಳಗಿನ ರಾಟೆಗಳ ಹಿಂದೆ ಲೋಡ್‌ಸೆಲ್ (ಬಲ ಅಳೆಯುವ ಸೆನ್ಸರ್), ಜೊತೆಗೆ ಅದರ ಅಳತೆಯನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡು.

ಆ ಬೋರ್ಡು ಸೆಕೆಂಡಿಗೆ 80 ಅಳತೆಯಷ್ಟೇ ಕೊಡುತ್ತದೆ. ತಲೆ ಗಕ್ಕನೆ ನಿಂತಾಗ ಬರುವ ನಡುಕವನ್ನು ಅದರಿಂದ ಹಿಡಿಯಲು ಹೋಗಲಿಲ್ಲ. ಫೋನಿನ ಸೆಕೆಂಡಿಗೆ 240 ಫ್ರೇಮಿನ ಸ್ಲೋಮೋಷನ್‌ನಲ್ಲಿ ಪೆನ್ನಿನ ತುದಿ ನೋಡಿದೆ. ಹತ್ತಿರಹತ್ತಿರ 12 ಫ್ರೇಮಿಗೆ ಒಮ್ಮೆ ಮೇಲೆ ಕೆಳಗೆ, ಅಂದರೆ 20 ಹರ್ಟ್ಸ್. ಆಮೇಲೆ ಪ್ರತಿ ಆಜ್ಞೆಯನ್ನೂ ಎರಡು ಪಾಲು ಮಾಡಿ, ಎರಡನೆಯದನ್ನು 25 ಮಿಲಿಸೆಕೆಂಡ್, ಅಂದರೆ ಅರ್ಧ ಓಲಾಟದಷ್ಟು ತಡವಾಗಿ ಕಳಿಸಿದೆ. ಮೊದಲ ಪಾಲು ಎಬ್ಬಿಸಿದ ನಡುಕವನ್ನು ಎರಡನೆಯದು ತಿಂದುಹಾಕುತ್ತದೆ. ಇನ್‌ಪುಟ್ ಶೇಪಿಂಗ್ ಅನ್ನುವುದು ಇದಕ್ಕೇ. ಮೂಲೆಗಳಲ್ಲಿ ಆವರ್ತನ ಬದಲಾಗುವುದರಿಂದ ಅಲ್ಲಿ ಸ್ವಲ್ಪ ನಡುಕ ಉಳಿಯುತ್ತದೆ, ನನಗೆ ಅಷ್ಟು ಸಾಕು.

ದಾರದ ಜೋಲು ಲೆಕ್ಕಕ್ಕೆ ಹಿಡಿಯಲಿಲ್ಲ. ಡೈನೀಮಾ ಮೀಟರಿಗೆ ಒಂದು ಗ್ರಾಮೂ ತೂಗುವುದಿಲ್ಲ. ಉದ್ದನೆಯ ಉಕ್ಕಿನ ಕೇಬಲ್ ಆದರೆ ಕ್ಯಾಟೆನರಿ (ತನ್ನ ತೂಕಕ್ಕೇ ಜೋತುಬಿದ್ದ ಹಗ್ಗದ ಬಾಗು) ಲೆಕ್ಕ ಬೇಕೇ ಬೇಕು. ಆದರೆ ಡೈನೀಮಾ ಎಳೆತದಲ್ಲೇ ಬಿಟ್ಟರೆ ನಿಧಾನಕ್ಕೆ ಉದ್ದವಾಗುತ್ತಾ ಹೋಗುತ್ತದೆ. ಹಾಗಾಗಿ ಕೆಲಸ ಇಲ್ಲದಾಗ ಸಡಿಲ ಬಿಡಿ, ಶುರು ಮಾಡುವಾಗ ತಲೆಯನ್ನು ಗುರುತಿನ ಜಾಗಕ್ಕೆ ತಂದು ಸೊನ್ನೆ ಹೊಂದಿಸಿ. ಮತ್ತೆ, ಅದು ಭಾರಿ ನುಣುಪು. ಮಾಮೂಲಿ ಗಂಟು ಜಾರುತ್ತದೆ, ತುದಿಯನ್ನು ದಾರದೊಳಗೇ ತೂರಿಸಿ ಕುಣಿಕೆ ಮಾಡಿಕೊಳ್ಳಿ.