ಕೊನೇ ಭಾಗಕ್ಕ ನೀರು: ಮರೆವಿನ ಅಪ್ಪನ ಜೊತೆ ನಗಾಕ ಕಲ್ತಿದ್ದು

ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆ ಮ್ಯಾಲ ಸೌಡಿ, ಅಂದ್ರ ಹೊಲಗೋಳಿಗೆ ಪಾಳಿ ಪ್ರಕಾರ ನೀರು ಬಿಡೋ ಕೆಲಸದೋರು ಆಗಿದ್ರು, ಸುಮಾರು 30 ವರ್ಷ ತೂಬು ಬಿಟ್ಟು ಕಟ್ಟಿದ ಕೈ. ಈಗ 78ರ ಹತ್ರ, ಡಿಮೆನ್ಶಿಯಾ (ಮರೆವಿನ ರೋಗ) ಅಂತ ಗೊತ್ತಾಗಿ ನಾಲ್ಕು ವರ್ಷ ಆತು. ಇಂಥೋರಿಗೆ ಸಂಜಿ ಆದ್ಮ್ಯಾಲ ಗೊಂದಲ, ಚಡಪಡಿಕಿ ಹೆಚ್ಚಾಗೋದುಂಟು. ನಮ್ಮಲ್ಲಿ ಐದು ಹೊಡೀತಂದ್ರ "ಕೀಲಿ ಕೊಡು, ತೂಬು ಬಿಡ್ಬೇಕು" ಅಂತ ಶುರು.

ಮೊದ್ಲ ಒಂದು ವರ್ಷ ನಾ ತಿದ್ದಿದ್ದೇ ತಿದ್ದಿದ್ದು. ರಿಟೈರ್ಡ್ ಆಗಿ ಎಷ್ಟೋ ವರ್ಷ ಆತಪ್ಪ ಅಂದ್ರ ಕೈ ಎತ್ತೋರು, ಗೋಡಿಗೆ ಬೋರ್ಡ್ ಹಾಕಿ ವಾರ ತಾರೀಖು ಬರದ್ರ ಕಿತ್ತು ಒಗದ್ರು, ಜಿಪಿಎಸ್ ವಾಚ್ ಮೂರೂವರಿ ಸಾವಿರದ್ದು ಎಂಟನೇ ದಿನಕ್ಕ ನೀರಿನ ಹೌದಿನಾಗ ಸಿಕ್ತು. ನೋಡ್ಕೊಳ್ಳಾಕ ಇಟ್ಟ ಹುಡುಗ ತಿಂಗ್ಳಿಗೆ 12 ಸಾವಿರ ತಗೊಂಡು ಎರಡೇ ತಿಂಗ್ಳಿಗೆ ಹೇಳ್ದೆ ಹೋದ. ಹುಬ್ಬಳ್ಳಿ ಓಡಾಟ, ಎಂಆರ್‌ಐ, ಬಿ12, ಥೈರಾಯ್ಡ್ ಟೆಸ್ಟ್ ಎಲ್ಲಾ ಸೇರಿ 60-70 ಸಾವಿರ. ಮರೆವಿಗೆ ಕೊಡೋ ಮಾತ್ರೆ ಡೊನೆಪೆಜಿಲ್ ನಡದೈತಿ, ಆದ್ರ ಕೀಲಿ ಜಗಳ ಅದ್ರಿಂದ ನಿಂತಿಲ್ಲ.

ನಿಂತಿದ್ದು ನನ್ನ ಹೆಂಡ್ತಿ ಮಾತಿಗೆ. ಒಂದಿನ ರೊಟ್ಟಿ ಬಡಿಯೋದು ಬಿಟ್ಟು ಎದ್ದು ಬಂದು, ಹಿಟ್ಟಿನ ಕೈ ಮುಗದು, "ಸೌಡಿಯಾರ, ನಮ್ದು ಕಾಲುವಿ ಕೊನೇ ಭಾಗ ರೀ, ನೀರೇ ಬಂದಿಲ್ಲ" ಅಂದ್ಲು. ಅಪ್ಪ ಬಾಗ್ಲ ಚಿಲಕದ ಮ್ಯಾಲಿಂದ ಕೈ ತಗದು ಅಕಿ ಮಾರಿ ನೋಡಿದ್ರು. "ಕೊನೇ ಭಾಗಕ್ಕ ಯಾವಾಗ ನೀರ್ ಬಂದೈತವ್ವ!" ಅಂತ ಹೊಟ್ಟಿ ಹಿಡ್ಕೊಂಡು ನಕ್ರು. ಎರಡು ವರ್ಷದಾಗ ಆ ನಗಿ ನಾವು ಕೇಳಿದ್ದಿಲ್ಲ.

ಮರುದಿನಾನೇ 80 ರೂಪಾಯಿದು ಒಂದು ಉದ್ದನ್ ರಿಜಿಸ್ಟರ್ ತಂದೆ. ದಿನಾ ಸಂಜಿ ಅಪ್ಪ ಅದ್ರಾಗ ಗೇಜ್ (ಕಾಲುವಿ ನೀರಿನ ಮಟ್ಟ) ಬರೀತಾರ, ಸಹಿ ಮಾಡ್ತಾರ, ನಾವು ಮೂರು ಮಂದಿ ಪಾಳಿ ಹಚ್ಚಿ ನೀರು ಕೇಳ್ತೀವಿ. ಅಕ್ಷರ ಕೆಲವೊಮ್ಮೆ ಬರೇ ಗೀಟು, ಸಹಿ ಮಾತ್ರ ಖಡಕ್. ನಡುವ ಶೇಂಗಾ ಆರಿಸೋ ಕೆಲ್ಸಾನೂ ಕೊಟ್ಟು ನೋಡಿದೆ, ಆರಿಸಿದ್ದಕ್ಕಿಂತ ತಿಂದಿದ್ದು ಹೆಚ್ಚು, ಅದನ್ನ ಬಿಟ್ವಿ. ರಿಜಿಸ್ಟರ್ ಈಗ ಐದನೇದು ನಡದೈತಿ, ಕೀಲಿ ಜಗಳ ತಿಂಗ್ಳಿಗೆ ಒಂದೋ ಎರಡೋ ಅಷ್ಟ. ನಮ್ ಓಣ್ಯಾಗ ಇಷ್ಟು ನೀಟಾಗಿ ಸಂಭಾಳಿಸಿದ ಮನಿ ಇನ್ನೊಂದಿಲ್ಲ, ಧೈರ್ಯದಿಂದ ಹೇಳ್ತೀನಿ. ಮಾತ್ರೆ ನುಂಗ್ಸೋಕೂ ಒಂದು ಆಟ ಐತಿ, ಅದು ನಮ್ಮನಿ ಗುಟ್ಟು.

ಕೆಟ್ಟಿದ್ದೂ ಐತಿ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಟಿವಿ ಬಂದ್ ಮಾಡೋದು ನನಗ ಹೊಳೀಲಿಲ್ಲ, ಮೂರು ರಾತ್ರಿ ನಿದ್ದಿ ಇಲ್ದೆ ನಡುಗಿದ್ರು. ಅವತ್ತು ಯಾರೂ ನಗಿಸಾಕ ಹೋಗ್ಲಿಲ್ಲ, ಕೈ ಹಿಡ್ಕೊಂಡು ಕುಂತ್ವಿ. ನಾಲ್ಕನೇ ದಿನ ತಾವೇ, "ನಾ ರಜಾ ಹಾಕಿದ್ ದಿನಾನೇ ಹೋಗೈತಿ ನೋಡು" ಅಂದ್ರು. ಅವರು ನಕ್ಕ ಮ್ಯಾಲ ನಾವು ನಕ್ವಿ. ನಮ್ಮನ್ಯಾಗ ಈ ಪಾಳಿ ತಪ್ಪಂಗಿಲ್ಲ.

ಕಾಕಾ ಮೊದ್ಲಿಂದ "ಹುಚ್ಚನ ಜೊತಿ ನೀವೂ ಹುಚ್ಚರಾಗೀರಿ" ಅಂತಿದ್ರು. ಹೋದ ತಿಂಗ್ಳು ಬಂದೋರು ಸಂಜಿ ಸುಮ್ನ ನೋಡ್ಕೊಂತ ಕುಂತಿದ್ದು, ಆಮ್ಯಾಲ ಎದ್ದು ಟವಲ್ ಹೆಗಲಿಂದ ಇಳಿಸಿ, "ಅಣ್ಣ, ನಮ್ ಹೊಲಕ್ಕ ಎರಡು ತಾಸು ಬಿಡು" ಅಂದ್ರು. ಅಪ್ಪ ರಿಜಿಸ್ಟರ್ ಹಾಳಿ ತಿರುವಿ, ಬಟ್ಟಿಟ್ಟು ಹುಡುಕಿ, "ನಿನ್ ಪಾಳಿ ನಾಳೆ. ಊಟ ಮಾಡ್ಕೊಂಡ್ ಹೋಗು" ಅಂದ್ರು.