ಪ್ರೊಬೇಷನ್ ಷರತ್ತು ಮುರಿದಿದ್ದರೆ ಏನು ಮಾಡಬೇಕು?

ನಾನು ಚಿಕ್ಕಮಗಳೂರಿನಲ್ಲಿ ವಕೀಲರ ಗುಮಾಸ್ತ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅಣ್ಣಾ, ಕೇಸು ಮುಗಿದಿತ್ತಲ್ವಾ, ಮತ್ಯಾಕೆ ಸಮನ್ಸ್?"

ಮುಗಿದಿರಲಿಲ್ಲ. ಬೇಲಿ ಜಗಳದಲ್ಲಿ ಕೈ ಮಾಡಿದ ಕೇಸು ಅಂತಿಟ್ಟುಕೊಳ್ಳಿ. ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಒಪ್ಪಂದ, ಅಂದರೆ ಪ್ಲೀ ಬಾರ್ಗೇನಿಂಗ್‌ನಲ್ಲಿ ತಪ್ಪು ಒಪ್ಪಿಕೊಂಡು ಎದುರಿನವರಿಗೆ ಪರಿಹಾರ ಕೊಟ್ಟಿರಿ. ಕೋರ್ಟು 1958ರ ಪ್ರೊಬೇಷನ್ ಕಾಯ್ದೆ ಪ್ರಕಾರ ಆಗಲೇ ಶಿಕ್ಷೆ ಕೊಡದೆ, ಷರತ್ತುಗಳ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಟ್ಟಿತು; ಇದೇ ಪ್ರೊಬೇಷನ್. ಅವಧಿಯೊಳಗೆ ಕರೆದಾಗ ಬಂದು ಶಿಕ್ಷೆ ತೆಗೆದುಕೊಳ್ಳುತ್ತೇನೆ ಅಂತ ನೀವೇ ಸಹಿ ಹಾಕಿದ್ದೀರಿ. ಆ ಅವಧಿ 3 ವರ್ಷದವರೆಗೂ ಇರಬಹುದು.

ಮೊದಲು ಆದೇಶದ ಪ್ರತಿ ಹುಡುಕಿ. ಕಳೆದಿದ್ದರೆ ನಕಲಿಗೆ ಅರ್ಜಿ ಹಾಕಿ. ಎಲ್ಲಿ ವಾಸ ಇರಬೇಕು, ಕುಡಿಯಬಾರದು, ಇಂಥವು ಅದರಲ್ಲಿರುತ್ತವೆ. ಮೂಡಿಗೆರೆ ಕಡೆಯ ಹುಡುಗ ಕೊಯ್ಲಿಗೆ ಅಂತ ಕೊಡಗಿಗೆ ಹೋಗಿ ಎರಡು ತಿಂಗಳು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಉಳಿಯುತ್ತಾನೆ, ವಾಸದ ಷರತ್ತು ನೆನಪೇ ಇರುವುದಿಲ್ಲ. ಅಂಥವರು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಾಜರಿ ಪುಸ್ತಕದ ಆ ಪುಟಗಳ ಜೆರಾಕ್ಸ್ ಕೇಳಿ ತನ್ನಿ. ಹೆಸರು, ತಾರೀಕು ಕಾಣಬೇಕು. ಸುಮ್ನೆ "ಕೂಲಿಗೆ ಹೋಗಿದ್ದೆ ಸ್ವಾಮಿ" ಅಂದರೆ ಯಾರು ನಂಬುತ್ತಾರೆ?

ಅದನ್ನು ಹಿಡಿದು ವಕೀಲರ ಜೊತೆ ಪ್ರೊಬೇಷನ್ ಅಧಿಕಾರಿಯನ್ನು ಕಾಣಿ. ಸಮನ್ಸ್ ಬರಲಿ ಅಂತ ಕಾಯಬೇಡಿ. ಷರತ್ತು ಬದಲಿಸಲು 8ನೇ ಸೆಕ್ಷನ್ ಕೆಳಗೆ ಕೋರ್ಟಿಗೆ ಅರ್ಜಿ ಹಾಕುವವರು ಈ ಅಧಿಕಾರಿಯೇ. ಊರು ಬಿಡುವ ಮೊದಲೇ ಕೇಳಿದ್ದರೆ ಇಷ್ಟು ರಗಳೆಯೇ ಇರುತ್ತಿರಲಿಲ್ಲ, ಬಿಡಿ.

9ನೇ ಸೆಕ್ಷನ್ ಪ್ರಕಾರ ಕೋರ್ಟು ವಾರಂಟ್ ಹೊರಡಿಸಬಹುದು, ಇಲ್ಲವೇ ನಿಮಗೂ ಜಾಮೀನುದಾರರಿಗೂ ಸಮನ್ಸ್ ಕಳಿಸಬಹುದು. ಪಹಣಿ ಕೊಟ್ಟು ಜಾಮೀನು ನಿಂತ ಮಾವನಿಗೆ ಮೊದಲೇ ಹೇಳಿಬಿಡಿ. ವಿಚಾರಣೆ ಮುಗಿಯುವವರೆಗೆ ನಿಮ್ಮನ್ನು ಜೈಲಿನಲ್ಲಿ ಇಡಬಹುದು, ಜಾಮೀನಿನ ಮೇಲೂ ಬಿಡಬಹುದು. ಷರತ್ತು ಮುರಿದದ್ದು ಖಚಿತವಾದರೆ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲ ಸಲವಾದರೆ ಮುಚ್ಚಳಿಕೆ ಮುಂದುವರಿಸಿ 50 ರೂಪಾಯಿವರೆಗೆ ದಂಡ ಹಾಕುವ ದಾರಿಯೂ ಇದೆ. "ಐವತ್ತು ರೂಪಾಯಿ ಬಿಸಾಕಿದರಾಯ್ತು" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಕೋರ್ಟಿನ ಮರ್ಜಿ, ನಿಮ್ಮ ಹಕ್ಕಲ್ಲ. ಗಡುವಿನೊಳಗೆ ಕಟ್ಟದಿದ್ದರೆ ಮತ್ತೆ ಮೂಲ ಶಿಕ್ಷೆಯ ಬಾಗಿಲೇ.

ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು ಇನ್ನೂ ಹುಷಾರಾಗಿರಬೇಕು. ಅಪರಾಧಿ ಅಂತ ತೀರ್ಪಾದರೂ ಅದರಿಂದ ಅನರ್ಹತೆ ತಟ್ಟದಂತೆ 12ನೇ ಸೆಕ್ಷನ್ ಕಾಯುತ್ತದೆ. ಹೀಗೆ ಆಮೇಲೆ ಶಿಕ್ಷೆಯಾದರೆ ಆ ರಕ್ಷಣೆ ಹೋಗುತ್ತದೆ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಕೇಸ್ ನಂಬರ್ ಬರೆದಿಟ್ಟುಕೊಂಡಿರಿ, ಅವರು ಮೊದಲು ಕೇಳುವುದೇ ಅದನ್ನು.