ನಡು ಅಟ್ಲಾಂಟಿಕ್‌ನಲ್ಲಿ ಒಂದು ಖಾಲಿ ದಿನ ಕಳೆಯುವುದು ಹೇಗೆ?

ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹಡಗಿನಲ್ಲಿ ಏಳು ರಾತ್ರಿ. ನಡುವೆ ಒಂದು ಬಂದರೂ ಇಲ್ಲ. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೀಗೆ ಹೋಗುತ್ತೇವೆ ಅಂದಾಗ ನೆಂಟರು, ಗೆಳತಿಯರು ಎಲ್ಲರೂ ಕೇಳಿದ್ದು ಒಂದೇ ಮಾತು: ಅಷ್ಟು ಹೊತ್ತು ಅಲ್ಲಿ ಏನು ಮಾಡ್ತೀರಿ? ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವಳು. ಅಕ್ಷಾಂಶ, ರೇಖಾಂಶ ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಗೆರೆ ಎಳೆದವಳಿಗೆ ಆ ಗೆರೆಗಳನ್ನು ಒಂದೊಂದಾಗಿ ದಾಟುವ ಖುಷಿಯೇ ಬೇರೆ. ನಾವು ಹತ್ತಿದ್ದು ಕ್ವೀನ್ ಮೇರಿ 2. 2004ರಿಂದ ಓಡುತ್ತಿರುವ, 345 ಮೀಟರ್ ಉದ್ದದ ಹಡಗು. ಬೇರೆ ಹಡಗಾದರೂ ಇಲ್ಲಿ ಹೇಳುವುದು ಹೆಚ್ಚುಕಡಿಮೆ ಹೊಂದುತ್ತದೆ.

ಮೊದಲ ಮಾತು, ಕಾರ್ಯಕ್ರಮದ ಪಟ್ಟಿಗೆ ಹೆದರಬೇಡಿ. ದಿನವೂ ನಾಳಿನ ಪಟ್ಟಿ ಕೈಗೆ ಬರುತ್ತದೆ. ಉಪನ್ಯಾಸ, ನೃತ್ಯದ ತರಗತಿ, ಕ್ವಿಜ್, ಸಂಗೀತ, ತಾರಾಲಯದ ಪ್ರದರ್ಶನ. ಎಲ್ಲಕ್ಕೂ ಓಡಿದರೆ ಸಮುದ್ರ ನೋಡುವುದೇ ತಪ್ಪಿಹೋಗುತ್ತದೆ. ಒಂದೇ ಒಂದನ್ನು ಆರಿಸಿ ಗುರುತು ಹಾಕಿ, ಪಟ್ಟಿಯನ್ನು ಪಕ್ಕಕ್ಕಿಡಿ. ನಾನು ಆರಿಸುತ್ತಿದ್ದದ್ದು ಉಪನ್ಯಾಸ. ಮನೆಯವರಿಗೆ ಸಂಜೆಯ ಪಿಯಾನೋ.

ದಿನ ಶುರುವಾಗುವುದು ಬೇಗ. ಪಶ್ಚಿಮಕ್ಕೆ ಹೋಗುವಾಗ ಹೆಚ್ಚಿನ ರಾತ್ರಿಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಲೆಕ್ಕ ಸುಲಭ. ಹಡಗು 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್‌ನಂತೆ ಹೋದರೆ ಒಂದು ದಿನಕ್ಕೆ ಹತ್ತಿರ ಹತ್ತಿರ 12 ರೇಖಾಂಶ ದಾಟುತ್ತದೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ. ಒಟ್ಟು 48 ನಿಮಿಷ. ಹೀಗೆ ಐದು ರಾತ್ರಿ ತಿರುಗಿಸುವಷ್ಟರಲ್ಲಿ ಇಂಗ್ಲೆಂಡಿಗೂ ನ್ಯೂಯಾರ್ಕಿಗೂ ಇರುವ ಐದು ಗಂಟೆಯ ಅಂತರ ತೀರುತ್ತದೆ. ವಿಮಾನ ಇಳಿದ ಮೇಲೆ ಬರುವ ಆ ತಲೆಭಾರ, ಹೊತ್ತಲ್ಲದ ಹೊತ್ತಿನ ನಿದ್ದೆ ಯಾವುದೂ ಇಲ್ಲ. ದಿನಕ್ಕೆ 25 ಗಂಟೆ ಸಿಗುತ್ತದೆ. ಎಚ್ಚರ ಮಾತ್ರ ಬೆಳಗ್ಗೆ ನಾಲ್ಕೂವರೆ, ಐದಕ್ಕೇ ಆಗುತ್ತದೆ. ಮಗ್ಗುಲು ಬದಲಾಯಿಸುತ್ತಾ ಮಲಗಬೇಡಿ. ಬಟ್ಟೆ ಒಗೆಯುವ ಕೋಣೆ ಬೆಳಗ್ಗೆ ತೆರೆದ ಕೂಡಲೇ ಖಾಲಿ ಇರುತ್ತದೆ, ಹತ್ತು ಗಂಟೆಯ ಮೇಲೆ ಅಲ್ಲಿ ಸಾಲು. ಬಟ್ಟೆಯನ್ನು ಯಂತ್ರಕ್ಕೆ ಹಾಕಿ ಡೆಕ್ಕಿಗೆ ಹೋಗಿ. ಸೂರ್ಯ ಹುಟ್ಟುವುದು ಹಡಗಿನ ಹಿಂದೆ, ಮುಳುಗುವುದು ಮುಂದೆ.

ಏಳನೇ ಡೆಕ್ಕಿನಲ್ಲಿ ಹಡಗಿನ ಸುತ್ತ ಪೂರ್ತಿ ನಡೆಯುವ ಹಾದಿ ಇದೆ. ಮೂರು ಸುತ್ತು ಹಾಕಿದರೆ ಸುಮಾರು 1.8 ಕಿಲೋಮೀಟರ್. ಸಾಲಾಗಿ ಮರದ ಆರಾಮ ಕುರ್ಚಿಗಳಿವೆ. ಯಾವ ಕಡೆ ಕೂರಬೇಕು ಅನ್ನುವುದು ಮುಖ್ಯ. ಪಶ್ಚಿಮಕ್ಕೆ ಮುಖ ಮಾಡಿದ ಹಡಗಿಗೆ ಎಡಗಡೆ ದಕ್ಷಿಣ. ಬಿಸಿಲು ಅಲ್ಲೇ. ನಮ್ಮೂರಲ್ಲಿ ನೆರಳು ಹುಡುಕುವ ಅಭ್ಯಾಸ ನಮಗೆ. ಇಲ್ಲಿ ಜೂನ್ ತಿಂಗಳಲ್ಲೂ ಸ್ವೆಟರ್ ಬೇಕು, ಹಾಗಾಗಿ ಎಡಗಡೆಯೇ ಕೂರಿ. ಗಾಳಿ ಹೆಚ್ಚಾಗಿ ಎದುರಿನಿಂದ ಬರುತ್ತದೆ, ಅದಕ್ಕೆ ಹಡಗಿನ ವೇಗವೂ ಸೇರುತ್ತದೆ. ಮುಂಭಾಗದಲ್ಲಿ ಮಾತಾಡಿದ್ದೂ ಕೇಳಿಸುವುದಿಲ್ಲ. ನಡುವಿನಿಂದ ಸ್ವಲ್ಪ ಹಿಂದಕ್ಕೆ ಜಾಗ ಹಿಡಿದು, ಕಾಲಿನ ಮೇಲೆ ಕಂಬಳಿ ಹೊದ್ದು, ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳಿ.

ಈಗ ಸಮುದ್ರ ನೋಡುವುದು. ಇದನ್ನೂ ಕಲಿಯಬೇಕು. ಮೊದಲ ಐದು ನಿಮಿಷ ಬರೀ ನೀರು ಕಾಣುತ್ತದೆ, ಕೈ ತಾನಾಗಿ ಮೊಬೈಲ್ ಹುಡುಕುತ್ತದೆ. ಮೊಬೈಲನ್ನು ಕ್ಯಾಬಿನ್ನಿನಲ್ಲೇ ಬಿಟ್ಟು ಬನ್ನಿ. ಅಲೆಗಳ ನೆತ್ತಿ ನೋಡಿ. ನೆತ್ತಿ ಒಡೆಯದೆ ಗಾಜಿನಂತೆ ಹೊಳೆಯುತ್ತಿದ್ದರೆ ಗಾಳಿಯ ಬಲ 2. ಅಲ್ಲಲ್ಲಿ ಬಿಳಿ ನೊರೆ ಕಂಡರೆ 3. ಎಲ್ಲಿ ಕಣ್ಣು ಹಾಯಿಸಿದರೂ ಸಾಕಷ್ಟು ನೊರೆ ಇದ್ದರೆ 4. ನೊರೆಯ ಜೊತೆ ತುಂತುರು ಹಾರುತ್ತಿದ್ದರೆ 5. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫರ್ಟ್ ಮಾಡಿದ ಈ ಅಳತೆಯನ್ನು ನಾವಿಕರು ಇವತ್ತಿಗೂ ಬಳಸುತ್ತಾರೆ. ನಿಮ್ಮ ಅಂದಾಜನ್ನು ಬರೆದಿಟ್ಟುಕೊಳ್ಳಿ, ಮಧ್ಯಾಹ್ನ ಬೇಕಾಗುತ್ತದೆ.

ಕೆಲವೊಮ್ಮೆ ಒಂದು ನೊರೆಯೂ ಇರುವುದಿಲ್ಲ, ಆದರೂ ಹಡಗು ನಿಧಾನವಾಗಿ ಏರುತ್ತದೆ, ಇಳಿಯುತ್ತದೆ. ಎಲ್ಲೋ ಸಾವಿರಾರು ಕಿಲೋಮೀಟರ್ ದೂರದಲ್ಲಿ ಎದ್ದ ಬಿರುಗಾಳಿಯ ಅಲೆ ಅದು. ಗಾಳಿ ಅಲ್ಲೇ ಸತ್ತಿರುತ್ತದೆ, ಅಲೆ ಮಾತ್ರ ಇಲ್ಲಿಯವರೆಗೆ ಬಂದಿರುತ್ತದೆ. ಇದು ಗೊತ್ತಾದ ಮೇಲೆ ಆ ಓಲಾಟದ ಮೇಲೆ ನನಗೆ ಪ್ರೀತಿಯೇ ಬಂತು. ಹೊಟ್ಟೆ ತೊಳಸುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಹಿಡಿಯಿರಿ, ಅಲ್ಲಿ ಓಲಾಟ ಕಡಿಮೆ. ಮಾತ್ರೆಯನ್ನು ಊರಿನಲ್ಲೇ ನಿಮ್ಮ ಡಾಕ್ಟರನ್ನು ಕೇಳಿ ತಂದಿರಿ, ಸಂಕಟ ಶುರುವಾಗುವ ಮೊದಲೇ ನುಂಗಿ. ಶುಂಠಿ ಅಗಿದು, ನೀರು ಆಕಾಶ ಸೇರುವ ಗೆರೆಯನ್ನೇ ನೋಡುತ್ತಿರಿ.

ಹಕ್ಕಿ, ತಿಮಿಂಗಿಲ ನೋಡಬೇಕಾದರೆ ದುರ್ಬೀನಿನಲ್ಲಿ ಹುಡುಕಬೇಡಿ. ಬರಿಗಣ್ಣಲ್ಲಿ ಒಂದೇ ಕಡೆ ಅರ್ಧ ಗಂಟೆ ನೋಡಿ. ಏನಾದರೂ ಕಂಡ ಮೇಲೆ ದುರ್ಬೀನು ಎತ್ತಿ. ರೆಕ್ಕೆ ಬಡಿಯದೆ, ನೀರಿಗೆ ತಾಗುವಷ್ಟು ಕೆಳಗೆ ತೇಲಿಕೊಂಡು ಹೋಗುವ ಬೂದು ಹಕ್ಕಿ ಫುಲ್ಮರ್. ಗುಬ್ಬಿಗಿಂತ ತುಸು ದೊಡ್ಡದಾದ, ಬಾಲದ ಬುಡದಲ್ಲಿ ಬಿಳಿ ಪಟ್ಟೆಯ ಕಪ್ಪು ಹಕ್ಕಿ ಸ್ಟಾರ್ಮ್ ಪೆಟ್ರೆಲ್. ಅದು ಕಾಲು ಇಳಿಬಿಟ್ಟು ಅಲೆಯ ಮೇಲೆ ಪಟಪಟ ಓಡಿದಂತೆ ಕಾಣುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಜೀವ, ಸುತ್ತ ಎಲ್ಲೂ ನೆಲವಿಲ್ಲ. ನಾನು ಎದ್ದು ಕಟಕಟೆಯವರೆಗೂ ಓಡಿದ್ದೆ. ತಿಮಿಂಗಿಲ ಇದ್ದರೆ ಮೊದಲು ಕಾಣುವುದು ಉಸಿರಿನ ಬಿಳಿ ಹೊಗೆ. ಕಂಡ ಜಾಗದಿಂದ ಕಣ್ಣು ತೆಗೆಯಬೇಡಿ, ಮುಳುಗುವ ಮೊದಲು ಇನ್ನೂ ಕೆಲವು ಸಲ ಉಸಿರು ಬಿಡುತ್ತದೆ.

ಹನ್ನೆರಡು ಗಂಟೆಗೆ ಎಲ್ಲಿದ್ದರೂ ಕೆಲಸ ನಿಲ್ಲಿಸಿ. ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹಡಗು ಎಲ್ಲಿದೆ ಅಂತ ಹೇಳುತ್ತಾರೆ. ಅಕ್ಷಾಂಶ, ರೇಖಾಂಶ, ವೇಗ, ಗಾಳಿ, ಆಳ. ಖಾಲಿ ದಿನಕ್ಕೆ ಇದೇ ನಡುಗಂಬ. ಮನೆಯಿಂದಲೇ ಅಟ್ಲಾಂಟಿಕ್‌ನ ಒಂದು ರೂಪರೇಖೆ ನಕ್ಷೆ ತನ್ನಿ, ಮಕ್ಕಳ ಪರೀಕ್ಷೆಗೆ ಕೊಡುವ ಐದು ಡಿಗ್ರಿ ಚೌಕಗಳ ನಕ್ಷೆ ಸಾಕು. ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟು, ನಿನ್ನೆಯ ಚುಕ್ಕೆಗೆ ಗೆರೆ ಸೇರಿಸಿ. ಬೆಳಗಿನ ನಿಮ್ಮ ಗಾಳಿಯ ಅಂದಾಜು ಸರಿಯಿತ್ತಾ ನೋಡಿ. ಪಕ್ಕದ ಕುರ್ಚಿಯ ಇಂಗ್ಲೆಂಡಿನ ಅಜ್ಜಿಯೊಬ್ಬರು ಹೆಣಿಗೆ ಬಿಟ್ಟು ನನ್ನ ನಕ್ಷೆ ನೋಡಲು ಬರುತ್ತಿದ್ದರು. ಆಮೇಲೆ ಅವರೇ ನನಗಿಂತ ಮೊದಲು ಪೆನ್ಸಿಲ್ ಹಿಡಿದು ಕಾಯುತ್ತಿದ್ದರು.

ಊಟದ ವಿಷಯಕ್ಕೆ ಒಂದು ಮಾತು. ಸಸ್ಯಾಹಾರಿಗಳು ಇವತ್ತಿನ ರಾತ್ರಿಯೇ ನಾಳಿನ ಊಟವನ್ನು ಬಡಿಸುವವರ ಮೇಲ್ವಿಚಾರಕರಿಗೆ ಹೇಳಿಡಿ. ಮುಂಚಿತವಾಗಿ ಹೇಳಿದರೆ ದಾಲ್, ಅನ್ನ, ಪಲ್ಯ ಮಾಡಿಕೊಡುತ್ತಾರೆ. ಊಟದ ಹೊತ್ತಲ್ಲೇ ಕೇಳಿದರೆ ಅವರಿಗೂ ಕಷ್ಟ. ಸ್ವಂತ ಕೆಟಲ್ ತರುವ ಹಾಗಿಲ್ಲ, ಬಿಸಿ ಮಾಡುವ ಸಾಮಾನಿಗೆ ಹಡಗಿನಲ್ಲಿ ನಿಷೇಧ. ನಮ್ಮ ಕ್ಯಾಬಿನ್ನಿನಲ್ಲೇ ಒಂದು ಕೆಟಲ್ ಇತ್ತು. ಗೊಜ್ಜವಲಕ್ಕಿ ಪುಡಿ ಕಲಸಿಟ್ಟ ಅವಲಕ್ಕಿಗೆ ಬಿಸಿನೀರು ಹಾಕಿ ಮುಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಸಂಜೆಯ ತಿಂಡಿ ಆಯ್ತು. ಉಳಿದದ್ದನ್ನು ನ್ಯೂಯಾರ್ಕಿನ ಕಸ್ಟಮ್ಸ್‌ನಲ್ಲಿ ತೋರಿಸಬೇಕಾಗುತ್ತದೆ, ಹಡಗಿನಲ್ಲೇ ಮುಗಿಸುವುದು ಒಳ್ಳೆಯದು.

ಮಂಜು ಕವಿದ ದಿನ ಬೇಸರ ಮಾಡಿಕೊಳ್ಳಬೇಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಹತ್ತಿರ ಗಲ್ಫ್ ಸ್ಟ್ರೀಮ್ ಪ್ರವಾಹದ ಬೆಚ್ಚಗಿನ ನೀರು, ಉತ್ತರದಿಂದ ಬರುವ ಲ್ಯಾಬ್ರಡಾರ್ ಪ್ರವಾಹದ ತಣ್ಣನೆಯ ನೀರು ಪಕ್ಕಪಕ್ಕ ಬರುತ್ತವೆ. ಬೆಚ್ಚಗಿನ ತೇವದ ಗಾಳಿ ತಣ್ಣನೆಯ ನೀರಿನ ಮೇಲೆ ಹಾದರೆ ಮಂಜು. ನಾನು ಪಾಠದಲ್ಲಿ ಹೇಳಿದ್ದೇ ಇದು, ಆದರೆ ಅದು ಕೆನ್ನೆಗೆ ತಾಗಿದ್ದು ಅಲ್ಲಿ. ಆಗ ಹಡಗು ಎರಡು ನಿಮಿಷಕ್ಕೊಮ್ಮೆಯಾದರೂ ನಾಲ್ಕರಿಂದ ಆರು ಸೆಕೆಂಡಿನ ಒಂದು ಉದ್ದ ಕೂಗು ಹಾಕಬೇಕು, ಅದು ಅಂತರರಾಷ್ಟ್ರೀಯ ನಿಯಮ. ಕೂಗು ಕೇಳಿ ಗಾಬರಿಯಾಗಬೇಡಿ. 1912ರ ಏಪ್ರಿಲ್ 15ರಂದು ಟೈಟಾನಿಕ್ ಮುಳುಗಿದ್ದೂ ಈ ಕಡೆಯೇ, ಸುಮಾರು 3,800 ಮೀಟರ್ ಆಳದಲ್ಲಿದೆ. ಆ ದಿನದ ಚುಕ್ಕೆ ಇಡುವಾಗ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಇಂಥ ಮಧ್ಯಾಹ್ನಕ್ಕೆ ಹಡಗಿನ ಮುಂಭಾಗದ ಲೈಬ್ರರಿ ಇದೆ, ಕಿಟಕಿಯ ಪಕ್ಕದ ಕುರ್ಚಿ ಬೇಕಾದರೆ ಊಟವಾದ ಕೂಡಲೇ ಹೋಗಿ.

ಆಕಾಶ ತೆರೆದಿದ್ದರೆ ರಾತ್ರಿ ಒಂದು ಕೆಲಸ ತಪ್ಪದೆ ಮಾಡಿ. ಬೇಸಿಗೆಯಲ್ಲಿ ಪೂರ್ತಿ ಕತ್ತಲಾಗಲು ಹತ್ತೂವರೆ, ಹನ್ನೊಂದರವರೆಗೂ ಕಾಯಬೇಕು. ಬಲಗಡೆಯ ಡೆಕ್ಕಿಗೆ, ದೀಪ ಕಡಿಮೆ ಇರುವ ಕಡೆ ಹೋಗಿ. ಅದು ಉತ್ತರ ದಿಕ್ಕು. ಸಪ್ತರ್ಷಿ ಮಂಡಲದ ಪುಲಹನಿಂದ ಕ್ರತುವಿಗೆ ಗೆರೆ ಎಳೆದು, ಅದೇ ನೇರಕ್ಕೆ ಐದು ಪಟ್ಟು ಮುಂದೆ ಹೋದರೆ ಧ್ರುವ. ಈಗ ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ನೀರಿನ ಗೆರೆಯಿಂದ ಧ್ರುವದವರೆಗೆ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ಎಷ್ಟು ಡಿಗ್ರಿ ಬಂತೋ ಅದೇ ನೀವಿರುವ ಅಕ್ಷಾಂಶ. ಶಿವಮೊಗ್ಗದಲ್ಲಿ ಧ್ರುವ ಒಂದೂವರೆ ಮುಷ್ಟಿಯೂ ಇಲ್ಲ, ಮನೆ ಮರಗಳ ಹಿಂದೆ ಅಡಗಿರುತ್ತದೆ. ಇಲ್ಲಿ ನಾಲ್ಕೂವರೆ, ಅರ್ಧ ಆಕಾಶದ ಎತ್ತರ. ಮನೆಯವರೂ ನಾನೂ ಬೇರೆ ಬೇರೆಯಾಗಿ ಎಣಿಸಿ, ಕ್ಯಾಪ್ಟನ್ ಹೇಳಿದ ಅಂಕಿಯ ಜೊತೆ ಹೋಲಿಸುತ್ತಿದ್ದೆವು. ಎರಡು ಮೂರು ಡಿಗ್ರಿ ಹೆಚ್ಚುಕಡಿಮೆಯಾದರೂ ಬರಿಗೈ ಲೆಕ್ಕಕ್ಕೆ ಅದು ಚೆನ್ನಾಗಿಯೇ ಇದೆ, ಅಲ್ವಾ? ಮೋಡ ಬಂದು ಧ್ರುವ ಮುಚ್ಚಿದರೆ ಕಾಯುತ್ತಾ ನಿಲ್ಲಬೇಡಿ, ಚಳಿ ಜಾಸ್ತಿ. ಒಳಗೆ ಹೋಗಿ ಗಡಿಯಾರ ಒಂದು ಗಂಟೆ ಹಿಂದಕ್ಕಿಟ್ಟು ಮಲಗಿ.